ಎ-ಎಲ್-ಇ ಅಂದರೆ

ಕೋಬಾಲ್ ಕಲಿತದ್ದಕ್ಕೆ ವೀಣಳನ್ನು ಮೊದಲು ಬೈದವಳು ಅವಳ ತಾಯಿ ದೇವಿರಮ್ಮ. ಮಂಡ್ಯದಲ್ಲಿ ಬಿ.ಎಡ್. ಸೀಟು ಸಿಕ್ಕಿದ್ದ ಮಗಳು ಅದನ್ನು ಕೈಬಿಟ್ಟು ಮದ್ದೂರಿನ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸಕ್ಕೆ ಸೇರಿಕೊಂಡಳು. ಸಾಲದ್ದಕ್ಕೆ, ಭಾನುವಾರ ಬಂತೆಂದರೆ ಕೆರಗೋಡಿನಿಂದ ಎರಡು ಬಸ್ಸು ಬದಲಾಯಿಸಿ ಮಳವಳ್ಳಿಗೆ ಹೋಗಿ, ಒಬ್ಬ ಮುದುಕರ ಮುಂದೆ ನೋಟ್‌ಬುಕ್ಕು ಹಿಡಿದು ಕೂತುಬಿಡುವಳು. ಯಾವ ತಾಯಿ ಸುಮ್ಮನಿದ್ದಾಳು?

"ಅದೇನವ್ವ ನೀನು ಕಲೀತಿರೋದು?"

"ಕಂಪ್ಯೂಟರ್ ಭಾಷೆ ಕಣವ್ವ."

"ಒಸದಾ?"

"ಇಲ್ಲ. ನಿನಗಿಂತ ಅಳೇದು."

"ನನ್ನನ್ನೇ ಯಾರೂ ಕೇಳಕ್ಕಿಲ್ಲ, ಅದನ್ನ ಯಾರು ಕೇಳಾರು ಬುಡು" ಎಂದು ದೇವಿರಮ್ಮ ಮಾತು ಮುಗಿಸಿದ್ದಳು.

ಮಳವಳ್ಳಿಯ ಆ ಮುದುಕರು ಶಿವರಾಮು. ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದ ಕಾಲದಲ್ಲಿ, ಯಾವ ರೈತನ ಕಬ್ಬನ್ನು ಯಾವಾಗ ಕಡಿಯಬೇಕು ಎಂದು ಸರದಿ ಗೊತ್ತುಮಾಡುವ ಪ್ರೋಗ್ರಾಮನ್ನು ಒಬ್ಬರೇ ಕೂತು ಬರೆದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಪ್ರೋಗ್ರಾಮು ಮುನಿಸಿಕೊಂಡರೆ ಕಾರ್ಖಾನೆಯ ಜೀಪು ಅವರ ಮನೆ ಬಾಗಿಲಿಗೇ ಹೋಗುತ್ತಿತ್ತು. ಒಂದು ದಿನ ಅವರು ವೀಣಳಿಗೆ ಹೇಳಿದರು: "ಒಸದನ್ನ ಊರೆಲ್ಲ ಕಲೀತದೆ ಕಣವ್ವ. ನಿನ್ನ ತಗುದು ಇನ್ನೊಬ್ಬನ್ನ ಕೂರಿಸ್ತಾರೆ. ಅಳೇದು ಗೊತ್ತಿರೋಳು ನೀನೊಬ್ಳೇ ಆದ್ರೆ ನಿನ್ನ ತೆಗಿಯೋರ್ಯಾರು?"

ಇಪ್ಪತ್ತೈದರ ಹುಡುಗಿಗೆ ಆ ಮಾತು ಸರಿಯಾಗೇ ಕಂಡಿತು. ಈಗ ಮೂವತ್ಮೂರು. ಜೊತೆಗೆ ಓದಿದವರು ಮೇಷ್ಟರಾದರು, ಬ್ಯಾಂಕು ಸೇರಿದರು. ವೀಣ ಎಂಟು ವರ್ಷ ಒಂದೇ ಭಾಷೆಯನ್ನು, ಅದರಲ್ಲೂ ಒಂದೇ ಪ್ರೋಗ್ರಾಮನ್ನು, ಅಂಗೈ ಗೆರೆ ನೋಡಿದಂತೆ ನೋಡುತ್ತಾ ಕೂತಳು.

ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಮಾಹಿತಿಗೂ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರಿಡಬೇಕು. ಶಿವರಾಮು ಇಟ್ಟ ಹೆಸರುಗಳೋ ಅಪ್ಪಟ ಮಂಡ್ಯದವು. ಹೊಲಕ್ಕೆ ಓ-ಎಲ್-ಎ, ಅಂದರೆ ಒಲ. ಹಳ್ಳಿಗೆ ಎ-ಎಲ್-ಎಲ್-ಐ, ಅಳ್ಳಿ. ಹೆಸರಿಗೆ ಇ-ಎಸ್-ಆರ್-ಯು, ಎಸ್ರು. ಇನ್ನೂರ ಹನ್ನೊಂದು ಹೆಸರುಗಳಲ್ಲಿ ಎಚ್ ಎಂಬ ಅಕ್ಷರಕ್ಕೆ ಒಂದು ಕಡೆಯೂ ಜಾಗ ಕೊಟ್ಟಿರಲಿಲ್ಲ. ಯಾವುದಕ್ಕೆ ಏನರ್ಥ ಎಂದು ಬರೆದೂ ಇಟ್ಟಿರಲಿಲ್ಲ. ಕೇಳಿದರೆ, "ನಮ್ಮೋರ್ಗೆ ಗೊತ್ತಾಯ್ತದೆ ಬುಡವ್ವ" ಅನ್ನುತ್ತಿದ್ದರು.

ಹೋದ ವರ್ಷ ಶಿವರಾಮು ತೀರಿಕೊಂಡರು. ಮಣ್ಣು ಹಾಕಿ ಬರುವಾಗ ವೀಣ ಬಸ್ಸಿನಲ್ಲಿ ಅತ್ತಳು. ಇನ್ನು ಆ ಪ್ರೋಗ್ರಾಮು ಓದಬಲ್ಲವಳು ತಾನೊಬ್ಬಳೇ ಎಂಬ ಧೈರ್ಯವೂ ಆ ಅಳುವಿನ ಅಡಿಯಲ್ಲಿ ಇತ್ತು. ಸುಳ್ಳು ಯಾಕೆ ಹೇಳಬೇಕು.

ಆ ಧೈರ್ಯ ಈ ಜೂನ್‌ವರೆಗೆ ಬಂತು. ಕಬ್ಬು ವಿಭಾಗದ ಮ್ಯಾನೇಜರ್ ಚಲುವರಾಜು ಅವಳನ್ನು ಕರೆಸಿದ.

"ಒಸ ಕಂಪನಿಯೋರು ಬತ್ತಾವ್ರೆ ಕಣಮ್ಮ. ಅಳೆ ಪ್ರೋಗ್ರಾಮು ತಗುದಾಕಿ ಬೇರೇದೇ ಬರೀತಾರಂತೆ. ರೈತರ ವಿವರ ಮಾತ್ರ ನಮ್ಮದರಿಂದ ತಕೊತಾರೆ. ಯಾವ ಎಸ್ರಿಗೆ ಏನರ್ತ ಅಂತ ಕೂತ್ಕೊಂಡು ಯೇಳ್ಕೊಟ್ಬುಡು."

"ಆಮೇಲೆ ಸಾ?"

"ಆಮೇಲೇನು? ಆಗಸ್ಟ್ ಕೊನೆಗಂಟ ಇರ್ತೀಯ. ಕಲ್ತವಳು ನೀನು, ಬೇರೆ ಕಡೆ ಸಿಕ್ತದೆ."

ಚಲುವರಾಜು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ವೀಣ ಅಂದಿನಿಂದಲೇ ಬೇರೆ ಕಡೆ ಹುಡುಕಲು ಕೂತಳು. ಕೋಬಾಲ್ ಬಲ್ಲವರು ಬೇಕು ಎನ್ನುವ ಜಾಹೀರಾತುಗಳೇನೋ ಇದ್ದವು; ಶಿವರಾಮು ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಫೋನಿನಲ್ಲಿ ಕೇಳುವ ಪ್ರಶ್ನೆ ಮಾತ್ರ ಬೇರೆ. ಬ್ಯಾಂಕಿನ ದೊಡ್ಡ ಯಂತ್ರಗಳ ಮೇಲೆ ಕೆಲಸ ಮಾಡಿದ್ದೀರಾ? ಇಲ್ಲ ಸಾರ್, ಸಕ್ಕರೆ ಕಾರ್ಖಾನೆಯ ಮಾಮೂಲಿ ಕಂಪ್ಯೂಟರ್ ಮೇಲೆ. ಆಚೆ ಕಡೆಯವರು ಮರ್ಯಾದೆಯಿಂದಲೇ ಫೋನಿಡುತ್ತಿದ್ದರು. ಆರನೆಯ ಸಲ ಹಾಗಾದಾಗ ವೀಣ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಅವ್ವನಿಗೆ ಕೇಳಿಸದಂತೆ ಅತ್ತಳು. ಎಂಟು ವರ್ಷ ಯಾರೂ ಓಡಾಡದ ಹಾದಿಯಲ್ಲಿ ನಡೆದುಬಿಟ್ಟಿದ್ದಳು, ಹಿಂದಕ್ಕೆ ಬರಲು ಬಸ್ಸಿರಲಿಲ್ಲ.

ಕಂಪನಿಯಿಂದ ಬಂದವನು ರವಿಚಂದ್ರ. ಊರು ಮಳವಳ್ಳಿ ಹತ್ತಿರದ ಬೆಳಕವಾಡಿ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಹಾಲಿಗೆ ಆಲು ಅಂದದ್ದಕ್ಕೆ ನಾಲ್ಕು ವರ್ಷ ಅವನನ್ನು ಆಲು ಎಂದೇ ಕರೆದಿದ್ದರಂತೆ. ಅವನೇ ನಗುತ್ತಾ ಹೇಳಿಕೊಂಡ. ಅಂದಿನಿಂದ ಹಕಾರದ ಮೇಲೆ ಅವನಿಗೆ ಎಷ್ಟು ನಿಗಾ ಎಂದರೆ, ಅವಸರದಲ್ಲಿ ಒಂದು ನಿಮಿಷ ಅನ್ನಲು ಹೋಗಿ "ಹೊಂದು ನಿಮಿಷ ಮೇಡಂ" ಅನ್ನುತ್ತಿದ್ದ.

ಶಿವರಾಮುವಿನ ಹೆಸರುಗಳ ಗುಟ್ಟು ಅವನಿಗೆ ಅರ್ಧ ದಿನದಲ್ಲಿ ಹೊಳೆದುಹೋಯಿತು. ಬೇರೆ ಸೀಮೆಯವನಾಗಿದ್ದರೆ ತಿಂಗಳು ಹಿಡಿಯುತ್ತಿತ್ತು. ಎಲ್ಲೆಲ್ಲಿ ಎಚ್ ಬಿದ್ದುಹೋಗಿದೆಯೋ ಅಲ್ಲೆಲ್ಲ ಹಾಕುತ್ತಾ ಹೋದ. ಒಲ ಹೊಲವಾಯಿತು, ಅಳ್ಳಿ ಹಳ್ಳಿಯಾಯಿತು. ವೀಣಳ ಕೆಲಸ ಹೌದು, ಹೌದು ಅನ್ನುವುದಷ್ಟೇ. ಎಂಟು ವರ್ಷದ ವಿದ್ಯೆ ಮೂರು ಮಧ್ಯಾಹ್ನಗಳಲ್ಲಿ ಖಾಲಿಯಾಗುತ್ತಿರುವುದನ್ನು ಅವಳು ಪಕ್ಕದಲ್ಲೇ ಕೂತು ನೋಡಿದಳು.

ಮೂರನೆಯ ದಿನ ಅವನು ಕೇಳಿದ: "ಎ-ಎಲ್-ಇ. ಇದು ಹಳೆ ತಾನೇ ಮೇಡಂ? ಎಷ್ಟು ಹಳೆ ರೈತ ಅಂತ? ಸೊನ್ನೆ, ಒಂದು, ಮೂರು, ಐದು ಅಂತೆಲ್ಲ ಇದೆ."

ಅದು ಹಳೆ ಅಲ್ಲ, ಆಲೆ. ಬೆಲ್ಲ ಮಾಡುವ ಆಲೆಮನೆಯ ಆಲೆ. ಕಾರ್ಖಾನೆಗೆ ಕೊಡುತ್ತೇನೆಂದು ಒಪ್ಪಿಕೊಂಡ ಕಬ್ಬನ್ನು ಸದ್ದಿಲ್ಲದೆ ಆಲೆಮನೆಗೆ ಸಾಗಿಸಿದ ರೈತ ಎಷ್ಟು ಸಲ ಹಾಗೆ ಮಾಡಿದ್ದಾನೆಂದು ಶಿವರಾಮು ಅಲ್ಲಿ ಗುರುತು ಹಾಕಿಸುತ್ತಿದ್ದರು. ಸಂಖ್ಯೆ ಹೆಚ್ಚಿದಷ್ಟೂ ಅವನ ಸರದಿ ಹಿಂದಕ್ಕೆ. ಇನ್ನೂರ ಹನ್ನೊಂದರಲ್ಲಿ ಎಚ್ ಕಳೆದುಕೊಳ್ಳದೆಯೇ ಎಚ್ ಕಳೆದುಕೊಂಡಂತೆ ಕಾಣುತ್ತಿದ್ದುದು ಅದೊಂದೇ.

ಹೊಸ ಪ್ರೋಗ್ರಾಮಿನಲ್ಲಿ ಹಳೆ ರೈತರಿಗೆ ಮೊದಲ ಸರದಿ ಎಂಬ ನಿಯಮವಿರುವುದು ವೀಣಳಿಗೆ ಗೊತ್ತಿತ್ತು. ಕದ್ದು ಸಾಗಿಸಿದವರು ಮುಂದೆ ಬರುತ್ತಾರೆ, ನಿಯತ್ತಾಗಿ ಕೊಟ್ಟವರು ಕೊನೆಗೆ ಬೀಳುತ್ತಾರೆ, ಗಲಾಟೆಯಾಗುತ್ತದೆ, ಯಾರಿಗೂ ಕಾರಣ ತಿಳಿಯುವುದಿಲ್ಲ. ಆಗ ತನ್ನನ್ನು ಕರೆಯಲು ಜೀಪು ಕೆರಗೋಡಿಗೆ ಬಂದೇ ಬರಬೇಕು. ಇಷ್ಟೂ ಒಂದು ಉಸಿರಿನಲ್ಲಿ ಅವಳ ತಲೆಯಲ್ಲಿ ಹಾದುಹೋಯಿತು.

"ಊಂ" ಅಂದಳು.

ರವಿಚಂದ್ರ ಎಚ್ ಸೇರಿಸಿ ಮುಂದಿನದಕ್ಕೆ ಹೋದ.

ಆಗಸ್ಟ್ ಮುಗಿಯಿತು, ಕೆಲಸ ಹೋಯಿತು. ಆಯುಧಪೂಜೆಯ ಹೊತ್ತಿಗೆ ಹೊಸ ಸರದಿ ಪಟ್ಟಿ ಹೊರಬಿತ್ತು. ವೀಣ ಫೋನನ್ನು ಅಡುಗೆ ಮನೆಗೂ ಹಿತ್ತಿಲಿಗೂ ಹೊತ್ತು ತಿರುಗಿದಳು. ಇವತ್ತು ಬರುತ್ತದೆ, ನಾಳೆ ಬರುತ್ತದೆ. ಬರಲಿಲ್ಲ. ಹದಿನೈದು ದಿನ, ಇಪ್ಪತ್ತು ದಿನ. ಅವಳು ಎಣಿಸದೆ ಇದ್ದದ್ದು ಒಂದೇ: ಪಟ್ಟಿ ತಪ್ಪಾಗಿದೆ ಎಂದು ಯಾರಿಗೂ ಅನುಮಾನವೇ ಬರಲಿಲ್ಲ. ಮುಂದೆ ಬಂದವರು ತೆಪ್ಪಗಿದ್ದರು. ಹಿಂದೆ ಬಿದ್ದವರು, ಯಾರದೋ ಶಿಫಾರಸು ನಡೆದಿದೆ ಎಂದು ಬೈದುಕೊಂಡು ಸುಮ್ಮನಾದರು. ಅನ್ಯಾಯ ನಮ್ಮವರಿಗೆ ಅಷ್ಟು ರೂಢಿಯಾಗಿತ್ತು.

ಕಾರ್ತಿಕದಲ್ಲಿ ಪಕ್ಕದ ಬೀದಿಯ ಅಂಕಮ್ಮ ಬಂದು ಜಗಲಿಯ ಮೇಲೆ ಕೂತಳು. ಗಂಡ ಹೋದಮೇಲೆ ಒಂದೂವರೆ ಎಕರೆಯನ್ನು ಒಬ್ಬಳೇ ನೋಡಿಕೊಳ್ಳುವ ಹೆಂಗಸು. ಒಂದು ಜಲ್ಲೆಯನ್ನೂ ಆಲೆಮನೆಗೆ ಕೊಟ್ಟವಳಲ್ಲ.

"ನಂಗೆ ಸಿವರಾತ್ರಿ ಮೇಲೆ ಕಡಿತೀವಿ ಅಂದವ್ರೆ ಕಣವ್ವ. ಈಗ್ಲೇ ಕಬ್ಬು ಊ ಬುಟ್ಟು ಸೂಲಂಗಿ ಒಡುದದೆ. ಅಲ್ಲಿಗಂಟ ಬುಟ್ರೆ ಒಳಗೆಲ್ಲ ಬೆಂಡಾಗೋಯ್ತದೆ. ಈ ಸಲ ಆಲೆಮನೆಗೇ ಕೊಡು ಅಂತಾರೆ ಎಲ್ಲಾರೂ. ಮೂವತ್ತು ವರ್ಸ ಆ ಬುದ್ದಿ ಮಾಡಿಲ್ಲ ನಾನು. ನೀನು ಅಲ್ಲಿದ್ದೋಳಲ್ವ, ನಂದೇನಾರ ತಪ್ಪಾಗದ ಅಂತ ಕೇಳವ್ವ."

ನಂದೇನಾರ ತಪ್ಪಾಗದ. ಕೇಳ್ತೀನಿ ಎಂದು ಅಂಕಮ್ಮನನ್ನು ಕಳಿಸಿದ ಮೇಲೂ ವೀಣಳಿಗೆ ಅದೇ ಮಾತು ಕೇಳಿಸುತ್ತಿತ್ತು. ಹೇಳಿಬಿಟ್ಟರೆ ತನ್ನ ಕೈಯಲ್ಲಿ ಉಳಿದಿರುವ ಕೊನೆಯದೂ ಹೋಗುತ್ತದೆ. ಹೇಳದಿದ್ದರೆ, ಅವರಾಗಿ ಬರುತ್ತಾರೆಂದು ಇನ್ನೆಷ್ಟು ದಿನ ಕಾಯುವುದು, ಇನ್ನೆಷ್ಟು ಜನರ ಕಬ್ಬು ಬೆಂಡಾಗುವುದು? ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಶಿವರಾಮುವಿನ ಮೇಲೂ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟಾಗಿ ಏನು ಪ್ರಯೋಜನ?

ಮಾರನೆಯ ಬೆಳಿಗ್ಗೆ ಕಾರ್ಖಾನೆಗೆ ಹೋದಳು. ಚಲುವರಾಜುವಿನ ಕೋಣೆಯಲ್ಲಿ ರವಿಚಂದ್ರನೂ ಇದ್ದ. ವೀಣ ನಿಂತುಕೊಂಡೇ ಹೇಳಿದಳು: "ಎ-ಎಲ್-ಇ ಅಂದ್ರೆ ಹಳೆ ಅಲ್ಲ. ಆಲೆ. ಆಲೆಮನೆಗೆ ಎಷ್ಟು ಸಲ ಕೊಟ್ಟವ್ರೆ ಅಂತ. ಸಂಖ್ಯೆ ಜಾಸ್ತಿ ಇರೋರು ಹಿಂದಕ್ಕೋಗ್ಬೇಕು."

ರವಿಚಂದ್ರನ ಮುಖ ಬಿಳಿಚಿಕೊಂಡಿತು. "ನಾನು ಕೇಳಿದ್ದೆನಲ್ಲ ಮೇಡಂ. ನೀವು ಊಂ ಅಂದ್ರಿ."

"ಅಂದೆ. ಗೊತ್ತಿದ್ದೇ ಅಂದೆ. ನೀವು ನನ್ನ ಮತ್ತೆ ಕರೀಲಿ ಅಂತ."

ಅವನು ಲ್ಯಾಪ್‌ಟಾಪಿಗೆ ಬಗ್ಗಿದ. ಟೀ ತಂದವನು ಲೋಟಗಳನ್ನು ಇಳಿಸಿ ಹೋಗುವಷ್ಟರಲ್ಲಿ ಪಟ್ಟಿ ಬುಡಮೇಲಾಗಿತ್ತು. ಕೆರಗೋಡಿನ ಅಂಕಮ್ಮನ ಸರದಿ ಬರುವ ಗುರುವಾರಕ್ಕೆ ಬಂದಿತ್ತು. ತಾನು ನಾಲ್ಕು ತಿಂಗಳು ಎದೆಯಲ್ಲಿ ಬಚ್ಚಿಟ್ಟುಕೊಂಡದ್ದಕ್ಕೆ ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ ಎಂಬುದು ವೀಣಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಚಲುವರಾಜು ಬೈಯುತ್ತಾನೆಂದು ಕಾದಳು. ಅವನು ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತ. ಬೆವರಿದ್ದ.

"ನೋಡಮ್ಮ, ಆಗಿದ್ದು ಆಗೋಯ್ತು. ಈ ಸುದ್ದಿ ಮ್ಯಾಲಕ್ಕೋದ್ರೆ ನಂಗೂ ಉಳಿಗಾಲ ಇಲ್ಲ. ಇಂತವು ಇನ್ನೆಷ್ಟು ಮಡಿಕಂಡಿದ್ದೀಯ ಯೇಳ್ಬುಡು. ಇದ್ರೆ ನೀನು ಎಲ್ಲೂ ಓಗ್ಬ್ಯಾಡ. ಇಲ್ಲೇ ಇರು. ಪರ್ಮನೆಂಟ್ ಮಾಡ್ಸಕ್ಕೆ ನಾನೇ ಬರ್ಕೊಡ್ತೀನಿ. ನಂಗೆ ಈ ರಗಳೆ ಮಾತ್ರ ಬ್ಯಾಡ."

ರವಿಚಂದ್ರನೂ ತಲೆಯೆತ್ತಿ ನೋಡಿದ. "ಹೌದು ಮೇಡಂ. ನನಗೂ ಈಗ ಯಾವುದರ ಮೇಲೂ ನಂಬಿಕೆ ಇಲ್ಲ. ಇನ್ನೂ ಇವೆಯಾ?"

ಜೂನ್‌ನಿಂದ ಅವಳು ಕಾಯುತ್ತಿದ್ದ ಮಾತು ಇದೇ. ಜೀಪು ಬರಲಿಲ್ಲ, ತಾನಾಗಿ ನಡೆದು ಬಂದಳು, ಅಷ್ಟೇ ವ್ಯತ್ಯಾಸ. ಇದೆ ಅಂದರೆ ಸಾಕು. ವೀಣ ಕಣ್ಣು ಮುಚ್ಚಿ ಹುಡುಕಿದಳು. ಒಲ, ಕೊಟ್ಟಾಗಿದೆ. ಎಸ್ರು, ಕೊಟ್ಟಾಗಿದೆ. ನಾಲೆಯದು, ಗಾಡಿಯದು, ತೂಕದ್ದು, ನಾಟಿ ತಿಂಗಳಿನದು. ಇನ್ನೂರ ಹತ್ತು ಹೆಸರುಗಳನ್ನೂ ಸಾಲಾಗಿ ನಿಲ್ಲಿಸಿಕೊಂಡು, ಒಂದಾದರೂ ತಪ್ಪಿರಲಿ ದೇವರೇ ಎಂದು ಬೇಡಿಕೊಂಡು ಹುಡುಕಿದಳು. ಎಲ್ಲವೂ ಸರಿಯಾಗಿದ್ದವು. ರವಿಚಂದ್ರ ಜಾಣ ಹುಡುಗ. ಇದೆ ಅಂದರೆ ಯಾವುದು ಅನ್ನುತ್ತಾನೆ, ಆಗ ಸರಿಯಾಗಿರುವ ಒಂದನ್ನು ಅವಳೇ ಕೆಡಿಸಿ ಕೊಡಬೇಕು. ಆ ಹೆಸರಿನ ಹಿಂದೆ ಇನ್ಯಾವ ಅಂಕಮ್ಮ ಇರುತ್ತಾಳೋ.

ಕಣ್ಣು ಬಿಟ್ಟಳು.

"ಇಲ್ಲ ಸಾ" ಅಂದಳು ವೀಣ. "ನನ್ನತ್ರ ಇದ್ದುದು ಅದೊಂದೇ."

ಚಲುವರಾಜು ಉಸಿರು ಬಿಟ್ಟು ಕುರ್ಚಿಗೆ ಒರಗಿದ. "ಸದ್ಯ" ಅಂದ. ಆಮೇಲೆ ಟೀ ಕುಡಿಯಲು ಹೇಳಿ, ಮುಂದೆ ಮಾಡಿದ್ದ ಬಾಗಿಲನ್ನು ತಾನೇ ಎದ್ದು ಹೋಗಿ ತೆರೆದ.