ಮಾಸ್ಟರಮ್ಮನ ಮೊದಲ ತುತ್ತು

ರುದ್ರಾಣಿಯ ಕೊರಳಿಗೆ ಬೆಳ್ಳಿಯ ಸರ ಬಿದ್ದ ದಿನ ಅತ್ತೆ ಗಂಗವ್ವ ಕೇಳಿದ ಮೊದಲ ಪ್ರಶ್ನೆ, ಅದು ಮನೆಯಲ್ಲೇ ಉಳಿಯುತ್ತದೋ ವಾಪಸ್ಸು ಇಸಕೊಳ್ಳುತ್ತಾರೋ ಎಂಬುದು. ವರ್ಷ ಮುಗಿದ ಮೇಲೆ ವಾಪಸ್ಸು ಎಂದು ತಿಳಿದಾಗ ಆ ಸರದ ಮೇಲಿನ ಗೌರವ ಅಲ್ಲೇ ಅರ್ಧ ಇಳಿಯಿತು.

ನ್ಯೂಜಿಲೆಂಡಿನ ಪಾಪಕುರಾದ ಬೇಕರಿಯವರ ಗಿಲ್ಡ್ ಎಂದರೆ ಮುತ್ತಜ್ಜಂದಿರ ಕಾಲದ ಸಂಘ. ಕಟ್ಟಿಗೆ ಒಲೆಯ ಮುಂದೆ ಬೆವರು ಸುರಿಸಿ ಬ್ರೆಡ್ ಸುಡುತ್ತಿದ್ದವರು ಕಟ್ಟಿದ್ದು. ಈಗ ಗುಂಡಿ ಒತ್ತಿದರೆ ಬ್ರೆಡ್ ಉದುರುವ ಫ್ಯಾಕ್ಟರಿಗಳು ಬಂದಿದ್ದರೂ ಸಂಘದ ಗತ್ತು ಮಾತ್ರ ಒಂದಿಷ್ಟೂ ಇಳಿದಿಲ್ಲ. ಜುಲೈ ಪೂರ್ತಿ ಅವರಿಗೆ ಹಬ್ಬ. ಹೊಸ ಮಾಸ್ಟರ್‌ಗೆ ಸರ ತೊಡಿಸುವುದು, ಚರ್ಚಿನಲ್ಲಿ ಬ್ರೆಡ್ ಅರ್ಪಿಸುವುದು, ವೃದ್ಧಾಶ್ರಮಗಳಿಗೆ ಬನ್ನು ಹಂಚುವುದು, ನಡುವೆ ಊಟ, ಊಟದ ಮೇಲೆ ಭಾಷಣ, ಭಾಷಣ ಕೇಳಿದ ಸುಸ್ತಿಗೆ ಮತ್ತೆ ಊಟ. ಬಾಗಲಕೋಟೆಯಿಂದ ಬಂದು ಇಲ್ಲಿನ ಬ್ರೆಡ್ ಫ್ಯಾಕ್ಟರಿಯಲ್ಲಿ ಹಿಟ್ಟಿನ ಗುಣ ಪರೀಕ್ಷಿಸುವ ಕೆಲಸದಲ್ಲಿದ್ದ ರುದ್ರಾಣಿ ಈ ಸಲದ ಮಾಸ್ಟರ್, ಅಂದರೆ ಗಿಲ್ಡಿನ ಒಂದು ವರ್ಷದ ಅಧ್ಯಕ್ಷೆ.

ಸರಕ್ಕಿಂತ ಆಕೆಗೆ ಬೇಕಾಗಿದ್ದದ್ದು ಬೇರೆ. ಬಡವರಿಗೆ ಹಂಚಲೆಂದು ಗಿಲ್ಡ್ ಪ್ರತಿವರ್ಷ ಬ್ರೆಡ್ ಡಬ್ಬಿಗಳನ್ನು ಕಳಿಸುತ್ತಿತ್ತು. ಹೋದ ವರ್ಷ ಡಬ್ಬಿ ಕೊಡಲು ಹೋದವಳು, ಜನ ಕಾರ್ ಪಾರ್ಕಿಂಗಿನಲ್ಲಿ ಮಳೆಗೆ ನಿಂತೇ ತಿನ್ನುವುದನ್ನು ನೋಡಿದ್ದಳು. ತಿಂಗಳ ಕೊನೆಯ ಊಟಕ್ಕೆ ಅವರನ್ನು ಒಳಗೆ ಕರೆದು, ಸದಸ್ಯರ ಪಕ್ಕದಲ್ಲೇ ಕೂರಿಸಿ ಉಣಿಸಬೇಕೆಂದು ಅಂದೇ ಮನಸ್ಸು ಮಾಡಿದ್ದಳು.

ಗಿಲ್ಡಿನ ಪದ್ಧತಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಹಿರಿಯ ಗ್ರೇಮ್ ಟ್ವೀಡಿ ಇದಕ್ಕೆ ಆಗದು ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಕೊನೆಯ ಊಟ ಯಾವತ್ತೂ ಸದಸ್ಯರದ್ದೇ. ಮೊದಲು ಮಾಸ್ಟರ್ ಊಟವನ್ನು ಪದ್ಧತಿ ಪ್ರಕಾರ ನಡೆಸಿಕೊಡು, ಆಮೇಲೆ ಉಳಿದ ಮಾತು ಎಂದ. ಅವನು ಹೂಂ ಅಂದರೆ ಉಳಿದವರೂ ಹೂಂ ಅನ್ನುತ್ತಾರೆಂದು ಆಕೆಗೆ ಗೊತ್ತಿತ್ತು.

ಆ ಊಟದ ದೊಡ್ಡ ಪದ್ಧತಿ ಒಂದೇ. ಮಾಸ್ಟರ್ ಬ್ರೆಡ್ ಮುರಿದು ಮೊದಲ ತುತ್ತು ಬಾಯಿಗಿಡುವ ತನಕ ಯಾರೂ ಚಮಚ ಮುಟ್ಟುವಂತಿಲ್ಲ. ಕಲಬೆರಕೆ ಇಲ್ಲವೆಂದು ಸುಟ್ಟವನೇ ತಿಂದು ತೋರಿಸಬೇಕಾಗಿದ್ದ ಕಾಲದ ನಿಯಮ ಅದು. ರುದ್ರಾಣಿ ಗಂಡ ಶಿವರಾಜನನ್ನು ಎದುರಿಗೆ ಕೂರಿಸಿಕೊಂಡು ಅದನ್ನು ಅಭ್ಯಾಸ ಮಾಡಿದಳು. ಮಗಳು ಪ್ರಾಚಿಗೂ ವಿವರಿಸಿದಳು. ಅತ್ತೆಗೆ ಹೇಳುವುದನ್ನು ಮಾತ್ರ ಮರೆತಳು.

ಮಾಸ್ಟರ್ ಊಟದ ದಿನ ಇಳಕಲ್ ಸೀರೆಯುಟ್ಟ ಗಂಗವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಸೂಪು ಬಂತು, ಬುಟ್ಟಿಯಲ್ಲಿ ಬಿಸಿ ಬ್ರೆಡ್ ಬಂತು, ಆದರೆ ಯಾರೂ ಉಣ್ಣುತ್ತಿಲ್ಲ, ಉಣ್ಣಿರೆಂದು ಹೇಳುವವರೂ ಇಲ್ಲ. ಅತ್ತ ಸೊಸೆ ಎತ್ತರದ ಕುರ್ಚಿಯಲ್ಲಿ ಕೂತು ತನ್ನ ಪಾಡಿಗೆ ತಾನು ಬ್ರೆಡ್ ಮುರಿಯುತ್ತಿದ್ದಾಳೆ. ಮನೆತನದ ಮರ್ಯಾದೆ ಮೂರು ಕಾಸಿಗೆ ಹೋಯಿತೆಂದುಕೊಂಡ ಗಂಗವ್ವ ಸೆರಗು ಸಿಕ್ಕಿಸಿ ಎದ್ದು ಬುಟ್ಟಿ ಎತ್ತಿಕೊಂಡಳು.

ತಗೋರಿ, ನಾಚಬ್ಯಾಡ್ರಿ ಎನ್ನುತ್ತ ಸಾಲು ಹಿಡಿದು ಬಡಿಸಿದಳು. ಪಾಪ, ಅಲ್ಲಿನ ಜನ ಸಭ್ಯಸ್ಥರು. ಬೇಡ ಎನ್ನಲಾರರು, ಪದ್ಧತಿ ಮುರಿದು ತಿನ್ನಲಾರರು. ತಟ್ಟೆಯಲ್ಲಿ ಬ್ರೆಡ್ ರಾಶಿಯಾಯಿತು. ಯಾರೂ ತಿನ್ನದ್ದು ಕಂಡು, ಇವರಿಗೆ ಇನ್ನೂ ಒತ್ತಾಯ ಬೇಕೆಂದು ಗಂಗವ್ವ ಎರಡನೇ ಸುತ್ತು ಶುರುಮಾಡಿದಳು. ಅತ್ತೆ ನಿಂತು ಬಡಿಸುವಾಗ ಸೊಸೆ ಕೂತು ತಿನ್ನುವುದು ಹೇಗೆ? ರುದ್ರಾಣಿಯ ಕೈ ಅರ್ಧದಲ್ಲೇ ನಿಂತಿತು. ಪ್ರಾಚಿ ಅಜ್ಜಿಯ ಸೆರಗು ಜಗ್ಗಿ, ಪ್ಲೀಸ್ ಸಿಟ್ ಡೌನ್ ಎಂದು ಪಿಸುಗುಟ್ಟಿದಳು. ಸೂಪು ಆರುತ್ತಿತ್ತು. ಟ್ವೀಡಿಯ ಮುಖ ಟೊಮೆಟೊ ಬಣ್ಣಕ್ಕೆ ತಿರುಗಿತ್ತು.

ಕೆಲಸ ಕೆಟ್ಟಿತೆಂದುಕೊಂಡೇ ರುದ್ರಾಣಿ ಬ್ರೆಡ್ಡಿನೊಂದಿಗೆ ಎದ್ದುಬಂದು, ತಾನು ಮೊದಲು ತಿನ್ನದೆ ಇವರು ಯಾರೂ ತಿನ್ನುವುದಿಲ್ಲ ಎಂದು ಅತ್ತೆಗೆ ಬಿಡಿಸಿ ಹೇಳಿದಳು.

"ಮಂದಿಗಿಂತ ಮದ್ಲ ಮನಿಯಾಕಿ ಉಣ್ಣೂದಂದ್ರ ಹೆಂಗವಾ? ಮಂದಿ ಉಂಡ ಎದ್ದಮ್ಯಾಲ ಉಂಡು ಉಂಡು, ನಾ ಈ ಜಲ್ಮದಾಗ ಬಿಸಿ ರೊಟ್ಟಿ ಉಂಡಾಕೇನ ಅಲ್ಲ."

ಗಂಗವ್ವ ಇದನ್ನು ದೂರಿನಂತೆ ಹೇಳಲಿಲ್ಲ. ಮಳೆ ಬರುತ್ತಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆ ಬಿಸಿ ಉಂಡದ್ದನ್ನು ರುದ್ರಾಣಿಯೂ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ನಾಚಿಕೆಯಾಯಿತು, ಆಕೆಯ ಮೇಲೆ ಎಲ್ಲಿಲ್ಲದ ಅಕ್ಕರೆಯೂ ಬಂತು.

"ಹಂಗಾರ ನೀವ ನನಗ ಉಣಸ್ರಿ ಅತ್ತಿ. ಮಂದಿಗಿಂತ ಮದ್ಲ ಕೂಸಿಗೆ ಉಣಸಿದ್ರ ತಪ್ಪಿಲ್ಲಲ್ಲ?"

ಗಂಗವ್ವ ಒಂದು ಕ್ಷಣ ಯೋಚಿಸಿದಳು. ಯಾವ ಮನೆಯಲ್ಲಾದರೂ ಮಕ್ಕಳದ್ದೇ ಮೊದಲ ಊಟ, ಅದಕ್ಕೆ ಎದುರು ಮಾತಿಲ್ಲ. ನಗುತ್ತ ಸೊಸೆಯ ಕೈಯ ಬ್ರೆಡ್ ಮುರಿದು, ಸೂಪಿನಲ್ಲಿ ಅದ್ದಿ, ಬಾಯಿ ತೆರೆಸಿ ತುತ್ತಿಟ್ಟಳು. ಬೆಳ್ಳಿ ಸರದ ಮೇಲೆ ಸೂಪು ತೊಟ್ಟಿಕ್ಕಿತು. ಸಭೆ ಚಪ್ಪಾಳೆ ತಟ್ಟಿ, ಹಸಿದವರ ಹಾಗೆ ತಟ್ಟೆಗಳ ಮೇಲೆ ಮುಗಿಬಿತ್ತು.

ಊಟವಾದ ಮೇಲೆ ಟ್ವೀಡಿ ಹುಡುಕಿಕೊಂಡು ಬಂದ. ಬೈಸಿಕೊಳ್ಳಲು ರುದ್ರಾಣಿ ತಯಾರಾಗಿಯೇ ನಿಂತಳು. ಅವನು ಕೇಳಿದ್ದು, ಆ ಅಜ್ಜಿ ಏನು ಹೇಳಿದರು ಎಂದು. ಹೇಳಿದಳು. ಅವನು ಕನ್ನಡಕ ತೆಗೆದು ಒರೆಸಿ, ತನ್ನ ತಾಯಿಯೂ ಬೇಕರಿ ಅಂಗಡಿಯ ಹಿಂದೆ ನಿಂತುಕೊಂಡೇ, ಮಾರಿ ಉಳಿದ ತಂಗಳು ಬ್ರೆಡ್ ತಿಂದೇ ಜೀವನ ಕಳೆದಳೆಂದ. ಸುಡುವವಳಿಗೆ ಬಿಸಿಯದ್ದು ಸಿಗದಂಥ ಗಿಲ್ಡು ಎಂಥದ್ದು ಎಂದು ತನ್ನಷ್ಟಕ್ಕೇ ಗೊಣಗಿ, ಕೊನೆಯ ಊಟಕ್ಕೆ ನಿನ್ನ ಕಾರ್ ಪಾರ್ಕಿಂಗಿನವರನ್ನೆಲ್ಲ ಕರೆ, ಸದಸ್ಯರನ್ನು ನಾನು ಒಪ್ಪಿಸುತ್ತೇನೆ ಎಂದ.

ತಿಂಗಳ ಕೊನೆಗೆ ಕಾರ್ ಪಾರ್ಕಿಂಗಿನ ಜನ ಒಳಗೆ, ದೀಪದ ಕೆಳಗೆ, ಬಟ್ಟೆ ಹಾಸಿದ ಮೇಜಿಗೆ ಬಂದು ಕೂತರು. ಅವರ ನಡುವೆ ಗಂಗವ್ವನನ್ನೂ ಒತ್ತಾಯದಿಂದ ಕೂರಿಸಿದ್ದರು. ರುದ್ರಾಣಿ ಬ್ರೆಡ್ ಮುರಿದು ಪದ್ಧತಿಗೆ ಚೂರು ಬಾಯಿಗಿಟ್ಟುಕೊಂಡವಳೇ ಬುಟ್ಟಿ ಹಿಡಿದು ಎದ್ದಳು. ಅವಳ ಹಿಂದೆ ಏಪ್ರನ್ ಕಟ್ಟಿಕೊಂಡ ಟ್ವೀಡಿ, ಅವನ ಹಿಂದೆ ಉಳಿದ ಸದಸ್ಯರು. ಗಂಗವ್ವ ತಡೆಯಲಾರದೆ ಎದ್ದಳು. ಟ್ವೀಡಿ ಆಕೆಯನ್ನು ಮೆಲ್ಲಗೆ ಕೂರಿಸಿ ತಟ್ಟೆಗೆ ಬ್ರೆಡ್ ಹಿಡಿದ. ಆಕೆ ಸಾಕೆಂದು ಅಂಗೈ ಅಡ್ಡ ಹಿಡಿದಳು.

"ತಗೋರಿ," ಎಂದ ಟ್ವೀಡಿ, ಪ್ರಾಚಿ ಕಲಿಸಿದ್ದ ಒಂದೇ ಮಾತು. "ತಗೋರಿ, ತಗೋರಿ."

ಅಂಗೈ ಸರಿಯಿತು. ಹಬೆಯಾಡುವ ತುತ್ತನ್ನು ಗಂಗವ್ವ ನಿಧಾನ ಅಗಿದಳು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ರುದ್ರಾಣಿ ಗಾಬರಿಯಾಗಿ ಏನಾಯಿತೆಂದು ಬಗ್ಗಿ ಕೇಳಿದಳು.

"ಬಾಯಿ ಸುಟ್ಟಿತವಾ," ಎಂದು ಗಂಗವ್ವ ಮುಖವಿಡೀ ನಕ್ಕು, ಇನ್ನೊಂದಕ್ಕೆ ತಟ್ಟೆ ಮುಂದೆ ಮಾಡಿದಳು.