ನಕ್ಷೆಯವರ ಊದುವ ಚಾಳಿ

ಕಂಪ್ಯೂಟರಿನ ಪರದೆಯ ಮೇಲೆ ಎಳೆದ ಗೆರೆಯನ್ನು ಊದಿ ಒಣಗಿಸಬೇಕೇ ಬೇಡವೇ ಎಂಬ ಗಹನವಾದ ಪ್ರಶ್ನೆ ಆ ಮನೆಯ ಊಟದ ಮೇಜಿನ ಮೇಲೆ ಒಂದಿಡೀ ತಿಂಗಳು ಚರ್ಚೆಯಾಯಿತು. ಬಲ್ಲವರು ನಗಬಹುದು. ಆದರೆ ಒಬ್ಬ ಮನುಷ್ಯನ ಕುರ್ಚಿ ಆ ಪ್ರಶ್ನೆಯ ಮೇಲೆಯೇ ನಿಂತಿತ್ತು.

ಅವರು ನಗರಸಭೆಯಲ್ಲಿ ನಕ್ಷೆ ಬರೆಯುವವರು. ಕಚೇರಿಯವರ ಬಾಯಲ್ಲಿ ‘ನಕ್ಷೆಯವರು’. ಹಾಳೆಯ ಮೇಲೆ ಮಸಿಯಲ್ಲಿ ಒಂದು ಗೆರೆ ಎಳೆದು, ಮೆಲ್ಲಗೆ ಊದಿ, ಒಣಗಿತೆಂದು ಖಾತ್ರಿಯಾದ ಮೇಲೆ ಪಕ್ಕದ ಗೆರೆಗೆ ಹೋಗುವುದು ಅವರ ಕ್ರಮ. ಊರಿನ ಬೀದಿಗಳನ್ನೆಲ್ಲ ಅವರು ಹೀಗೆ ಒಣಗಿಸಿದ್ದರು. ಈಗ ಉಪಗ್ರಹ ತೆಗೆದ ಚಿತ್ರ ಬಂದಿತ್ತು. ಅದರ ಮೇಲೆ ಮೌಸ್ ಹಿಡಿದು ಮನೆ, ರಸ್ತೆಗಳ ಗೆರೆ ಎಳೆಯಬೇಕು. ಮಸಿಯ ಮೇಜುಗಳೆಲ್ಲ ಹೋಗಿ ಒಂದೇ ಕುರ್ಚಿ ಉಳಿಯುತ್ತದೆ, ಪರೀಕ್ಷೆಯಲ್ಲಿ ಒಂದು ಗಂಟೆಯೊಳಗೆ ಒಂದು ಬಡಾವಣೆ ಮುಗಿಸಿದವರಿಗೆ ಅದು ಎಂದು ಆದೇಶವಾಯಿತು.

ಕಲಿಸಲು ಕೂತವಳು ಸೊಸೆ. ಇದನ್ನೇ ಓದಿದವಳು. ಕೆಲಸ ಕೇಳಿ ಹೋದ ಕಡೆಯಲ್ಲೆಲ್ಲ ‘ಅನುಭವ ಇದೆಯಾ’ ಎಂದು ಕೇಳಿ, ಇಲ್ಲ ಎಂದಿದ್ದಕ್ಕೆ ಕುಡಿಯಲು ನೀರು ಕೊಟ್ಟು ಕಳಿಸಿದ್ದರು.

“ಮಾವ, ಮತ್ತೆ ಊದಿದ್ರಿ.”

“ಎಲ್ಲಿ ಊದಿದ್ನಮ್ಮ? ಉಸಿರು ಬಿಟ್ಟೆ.”

“ಉಸಿರು ಬಿಡೋಕೆ ಮೌಸ್ ಕೆಳಗಿಡಬೇಕಾ?”

“ಪಕ್ಕದ ಗೆರೆ ಎಳೆಯುವಾಗ ಕೈ ತಾಗಿ ಕಲಸಿಹೋದ್ರೆ?”

ಅತ್ತೆ ಅಡುಗೆಮನೆಯಿಂದಲೇ ಹೇಳಿದರು: “ಬಿಡೇ ಅತ್ಲಾಗೆ. ಬಿಸಿ ಹಾಲು ಊದಿ ಕುಡೀರಿ ಅಂದ್ರೆ ಗಟಗಟ ಕುಡಿದು ನಾಲಿಗೆ ಸುಟ್ಕೋತಾರೆ. ಊದಬಾರದ ಕಡೆ ಊದ್ತಾರೆ.”

ಕೊನೆಗೆ ಸೊಸೆ ಅವರಿಗೆ ಪೆನ್ಸಿಲ್ ಕಚ್ಚಿಸಿ ಕೂರಿಸಿದಳು. ಊದುವುದು ನಿಂತಿತು. ಕೈ ಮಾತ್ರ ಪ್ರತಿ ಗೆರೆಯಾದ ಮೇಲೂ ಮಡಿಲಿಗೆ ಬಂದು, ಇಲ್ಲದ ಮಸಿ ಒಣಗಲೆಂದು ಕಾಯುತ್ತಿತ್ತು.

ಪರೀಕ್ಷೆಯ ದಿನವೂ ಕೈ ಕಾಯಿತು. ಗಂಟೆ ಮುಗಿದಾಗ ಅವರ ಪರದೆಯ ಮೇಲೆ ಅರ್ಧ ಬಡಾವಣೆ ಇತ್ತು. ಉಳಿದವರದ್ದು ಅಷ್ಟೂ ಇರಲಿಲ್ಲ. ಪರೀಕ್ಷೆ ನಡೆಸಲು ಬಂದಿದ್ದ ಮೇಡಂ ನಕ್ಷೆಯವರ ಬೆನ್ನ ಹಿಂದೆ ನಿಂತು ನೋಡಿದರು.

“ಅರ್ಧವಾದರೂ ನೀಟಾಗಿದೆ. ಯಾರು ಕಲಿಸಿದ್ದು?”

“ಸೊಸೆ, ಮೇಡಂ.”

“ಅವರಿಗೆ ಕೆಲಸ ಇದೆಯಾ?”

ನಕ್ಷೆಯವರು ಮೌಸ್ ಕೆಳಗಿಟ್ಟರು. ಇದೆ ಅಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ಪಾಸಾಗದ್ದರಿಂದ ಇನ್ನೊಂದು ಪರೀಕ್ಷೆ ಇಡಲೇಬೇಕಿತ್ತು. ಅಷ್ಟರಲ್ಲಿ ಅವರ ಕೈ ಪಳಗಿದರೂ ಪಳಗಬಹುದಿತ್ತು.

“ಇಲ್ಲ,” ಎಂದರು.

“ಅನುಭವ?”

“ನನಗೆ ಕಲಿಸಿದ್ದಾಳಲ್ಲ ಮೇಡಂ. ಅದಕ್ಕಿಂತ ಅನುಭವ ಇನ್ನೇನು ಬೇಕು?”

ಮುಂದಿನ ವಾರ ಮೇಡಂ ಕರೆಸಿದ್ದರಿಂದ ಸೊಸೆಯೂ ಪರೀಕ್ಷೆಗೆ ಕೂತು ಗಂಟೆಯೊಳಗೆ ಬಡಾವಣೆ ಮುಗಿಸಿದಳು. ಕುರ್ಚಿ ಅವಳದಾಯಿತು. ನಕ್ಷೆಯವರನ್ನು ತೆರಿಗೆ ಕೌಂಟರಿಗೆ ಹಾಕಿದರು.