ಸ್ಟೇರಿಂಗ್ ಕಂಬಕ್ಕೊಂದು ಭಾಷ್ಯ

ಚಾಲಕನ ಮಾವನವರು ತರಬೇತಿ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮೋಟಾರು ಶಾಸ್ತ್ರವನ್ನು ಬೋಧಿಸಿ ನಿವೃತ್ತರಾದವರು. ಎಂಜಿನ್ನನ್ನು ಬಿಚ್ಚಿದ್ದಕ್ಕಿಂತ ಅದರ ಚಿತ್ರಪಟವನ್ನು ಗೋಡೆಗೆ ತೂಗುಹಾಕಿದ್ದೇ ಹೆಚ್ಚು. ಆದುದರಿಂದ ಅಳಿಯನ ಹಳೆಯ ಟ್ರಕ್ಕು ಹಟ ಹಿಡಿದಾಗ ಅದರ ಚಿಕಿತ್ಸೆ ಅವರ ಪಾಲಿಗೇ ಬಂತು. ಅವರ ವಿಧಿ ಅಚಲವಾದದ್ದು: ರೋಗ ಇಂಥದೆಂದು ಮೊದಲು ಕಾಗದದ ಮೇಲೆ ಬರೆಯಬೇಕು, ಬರೆದದ್ದನ್ನು ಅಳಿಸಕೂಡದು, ಆ ಬಳಿಕವೇ ಸ್ಪ್ಯಾನರ್ ಮುಟ್ಟಬೇಕು.

ಸೋಮವಾರ ‘ಬ್ಯಾಟರಿ’ ಎಂದು ಬರೆದರು, ಬ್ಯಾಟರಿ ಬದಲಾಯಿತು. ಮಂಗಳವಾರ ಸ್ಟಾರ್ಟರ್ ಮೋಟಾರು, ಬುಧವಾರ ಕೀ ತೂರಿಸುವ ಬೀಗ. ಟ್ರಕ್ಕು ಮಾತ್ರ ಮನಸ್ಸು ಬಂದಾಗ ಗುರುಗುಟ್ಟಿತು, ಬಾರದಿದ್ದಾಗ ಉಸಿರೆತ್ತಲಿಲ್ಲ. ಗುರುವಾರ ಹನ್ನೊಂದಕ್ಕೆ ಸರ್ಕಾರಿ ತಪಾಸಣೆ. ತನ್ನ ಕಾಲ ಮೇಲೆ ತಾನು ಅಲ್ಲಿಗೆ ಹೋಗದಿದ್ದರೆ ಟ್ರಕ್ಕು ಗುಜರಿಗೆ, ಅಳಿಯ ಮತ್ತೆ ಪರರ ಗಾಡಿಗೆ.

ಚಾಲಕನ ಹೆಂಡತಿ ದರ್ಜಿ. ಮನೆಗೆ ತಾಗಿದ ತನ್ನ ಅಂಗಡಿಯ ಬಾಗಿಲಿನಿಂದ ಮೂರು ದಿನ ಇದನ್ನೆಲ್ಲ ನೋಡಿದ್ದಳು.

“ಅಪ್ಪಾ, ಇವರು ಸ್ಟೇರಿಂಗನ್ನ ಮೇಲಕ್ಕೆ ಜಗ್ಗಿದಾಗ ಮಾತ್ರ ಸ್ಟಾರ್ಟ್ ಆಗ್ತಿದೆ. ನೋಡಿದ್ರಾ?”

“ಸ್ಟೇರಿಂಗ್ ಇರೋದು ತಿರುಗಿಸೋಕೆ ಕಣಮ್ಮ, ಜಗ್ಗೋಕಲ್ಲ. ಹೊಲಿಗೆ ಮೆಷಿನ್ ಬುದ್ಧಿ ಇಲ್ಲಿ ನಡೆಯಲ್ಲ.”

“ಸುಮ್ನಿರೇ,” ಎಂದ ಚಾಲಕ ತಗ್ಗಿದ ದನಿಯಲ್ಲಿ. “ನಿಮ್ಮಪ್ಪ ಬರೆದಾಗಿದೆ. ಇನ್ನು ಗಾಡಿನೇ ತಿದ್ಕೋಬೇಕು.”

ಕಣ್ಣಿಗೆ ಕಂಡದ್ದು ಪಠ್ಯಕ್ಕೆ ವಿರುದ್ಧವಾದರೆ ಕಣ್ಣನ್ನೇ ಶಂಕಿಸಬೇಕೆಂಬುದು ಮಾವನವರ ಸಿದ್ಧಾಂತ. ಭಗವಂತನು ಜಡವಸ್ತುಗಳಿಗೆ ವಿನಯವನ್ನು ಧಾರಾಳವಾಗಿ ಹಂಚಿದ್ದಾನೆ. ಪಂಡಿತರ ಸರದಿ ಬರುವ ಹೊತ್ತಿಗೆ ಅದು ತೀರಿಹೋಗಿದ್ದಿರಬೇಕು.

ಗುರುವಾರ ಒಂಬತ್ತೂವರೆಗೆ ಕೀ ತಿರುಗಿಸಿದರೆ ಟಿಕ್ ಎಂಬ ಸದ್ದೂ ಇಲ್ಲ. ಮಾವನವರು ಗಂಭೀರವಾಗಿ ‘ಸಮಸ್ತ ವೈರಿಂಗ್’ ಎಂದು ಬರೆದು, ಎಲ್ಲ ತಂತಿಗಳನ್ನೂ ಬಿಚ್ಚಲು ಎರಡು ದಿನ ಬೇಕೆಂದರು. ಮಗಳು ಕತ್ತರಿ ಕೆಳಗಿಟ್ಟು ಬಂದು, ಟಾರ್ಚು ಹಿಡಿದು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದಳು.

“ರೀ, ನ್ಯೂಟ್ರಲ್‌ನಲ್ಲಿದೆ ತಾನೆ? ಕೀ ತಿರುಗ್ಸಿ.”

ಕೀಯಿಂದ ಹೊರಟ ತೆಳ್ಳನೆಯ ಸರಳೊಂದು ಸ್ಟೇರಿಂಗ್ ಕಂಬದ ಗುಂಟ ಇಳಿದು, ಬುಡದಲ್ಲಿದ್ದ ಸ್ವಿಚ್ಚನ್ನು ಒತ್ತಬೇಕು. ಸ್ವಿಚ್ಚಿನ ಎರಡೂ ಸ್ಕ್ರೂ ಸಡಿಲಾಗಿದ್ದವು. ಸರಳು ಒತ್ತಿದಷ್ಟೂ ಸ್ವಿಚ್ಚು ಇಡಿಯಾಗಿ ಹಿಂದೆ ಸರಿದು ಏಟು ತಪ್ಪಿಸಿಕೊಳ್ಳುತ್ತಿತ್ತು. ಸ್ಟೇರಿಂಗನ್ನು ಮೇಲಕ್ಕೆ ಜಗ್ಗಿದಾಗ ಮಾತ್ರ ಅದು ಸರಳಿಗೆ ಸಿಕ್ಕಿಬೀಳುತ್ತಿತ್ತು. ಅವಳು ಅದನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದಳು.

“ಈಗ.”

ಎಂಜಿನ್ ಮೊರೆಯಿತು. ಆರಿಸಿ, ಸ್ಕ್ರೂ ಬಿಗಿದು, ಐದು ಸಲ ಪರೀಕ್ಷಿಸಿದರು. ಐದು ಸಲವೂ ಮೊರೆಯಿತು. ಮಾವನವರು ಬಂಪರಿನ ಮುಂದೆ ಬಂದು ನಿಂತರು.

“ಬರೆಯದೆ ಮಾಡಿದ್ದು ರಿಪೇರಿ ಅಲ್ಲ. ಆ ಸ್ಕ್ರೂ ಮತ್ತೆ ಸಡಿಲ ಮಾಡಮ್ಮ. ನಾನು ನೋಡಿ ಬರ್ಕೊಳ್ತೀನಿ, ಆಮೇಲೆ ಬಿಗಿ.”

“ಅಪ್ಪಾ, ಹತ್ತೂಕಾಲು.”

“ಕ್ರಮ ಅಂದ್ರೆ ಕ್ರಮ.”

ಹತ್ತು ವರ್ಷಗಳಿಂದ ಮಾವನವರ ಮಾತಿಗೆ ತಲೆಯಾಡಿಸುತ್ತಲೇ ಕುತ್ತಿಗೆ ಸವೆಸಿಕೊಂಡಿದ್ದ ಅಳಿಯ ಹ್ಯಾಂಡ್ ಬ್ರೇಕ್ ಇಳಿಸಿದ.

“ಮಾವ, ಹತ್ತೋದಾದ್ರೆ ಹತ್ತಿ. ಇಲ್ಲಾ ಸ್ವಲ್ಪ ಪಕ್ಕಕ್ಕೆ ಬನ್ನಿ.”

ಅವರು ಹತ್ತಿದರು.

ತಪಾಸಣಾಧಿಕಾರಿ ಮೂರು ಸಲ ಆರಿಸಿ ಹಚ್ಚಿಸಿದ. “ಹಳೇ ಗಾಡಿ, ಆದ್ರೂ ಕೀ ತಿರುಗಿಸೋದೇ ತಡ. ಯಾರ ಕೈಚಳಕ?”

“ಮೂರು ದಿನ ಕೂತು ತಪ್ಪು ಕಾರಣಗಳನ್ನೆಲ್ಲ ನಾನು ಕ್ರಮವಾಗಿ ನಿವಾರಿಸಿದ್ದರಿಂದ...” ಎಂದು ಮಾವನವರು ಆರಂಭಿಸಿ, ಅನುಮೋದನೆಗಾಗಿ ಅಳಿಯನತ್ತ ನೋಡಿದರು.

“ನನ್ನ ಹೆಂಡತಿದು ಸಾರ್,” ಎಂದ ಅಳಿಯ. “ಟೈಲರ್ ಅವಳು.”

ಅಧಿಕಾರಿ ಕಾಗದಕ್ಕೆ ಮುದ್ರೆ ಒತ್ತಿದ. ಅಳಿಯ ಹಿಂದಿನ ಗಾಡಿಗೆ ದಾರಿ ಬಿಡಲು ಕೀ ತಿರುಗಿಸಿದ. ಮಾವನವರು ಮನೆ ಮುಟ್ಟುವವರೆಗೂ ಕಿಟಕಿಯ ಆಚೆಗೇ ನೋಡುತ್ತ ಕುಳಿತಿದ್ದರು.